ಪುಸ್ತಕ ನಂದು, ಹಕ್ಕು ಯಾರದ್ದು?



ತಿಪ್ಪಸಂದ್ರ ಹೋಬಳಿಯ ನಮ್ಮ ಕೇರಿಗಳ ಹಿರಿಯರು ಹೇಳಿದ್ದನ್ನ ವರ್ಷಗಟ್ಟಲೆ ಕೂತು ಬರೆದಿಟ್ಟುಕೊಂಡಿದ್ದೆ. ಸಣ್ಣ ಪ್ರಕಾಶನದವರೊಬ್ಬರು ಪುಸ್ತಕ ಮಾಡ್ತೀವಿ ಅಂತ ಬಂದರು. ನನ್ನ ಮೊದಲ ಪುಸ್ತಕ, ಖುಷಿ ಆಗದೆ ಇರುತ್ತಾ? ಆದರೆ ಕರಾರುಪತ್ರ ಓದಿದ ಮೇಲೆ ಸಹಿ ಹಾಕೋಕೆ ಕೈ ಬರಲಿಲ್ಲ.

500 ಪ್ರತಿ ಅಚ್ಚು. ಅದರಲ್ಲಿ 200 ನಾನೇ ಕೊಳ್ಳಬೇಕು. ಮುಖಬೆಲೆ 180, ರಿಯಾಯಿತಿ ಕಳೆದು 135, ಅಂದ್ರೆ ನನ್ನ ಜೇಬಿಂದ 27,000 ರೂಪಾಯಿ. ಉಳಿದ 300 ಪ್ರತಿ ಪೂರ್ತಿ ಖರ್ಚಾದರೂ ಶೇ 10ರ ಗೌರವಧನ 5,400. ಇದನ್ನ ನಾನು ದೊಡ್ಡ ಮೋಸ ಅನ್ನಲ್ಲ. ಸಣ್ಣ ಪ್ರಕಾಶಕರ ಬದುಕೂ ಕಷ್ಟವೇ, ಕಾಗದಕ್ಕೆ ಮೊದಲು ದುಡ್ಡು, ಲೈಬ್ರರಿ ಬಿಲ್ಲು ಯಾವಾಗಲೋ. ನನ್ನನ್ನ ನಿಲ್ಲಿಸಿದ್ದು ಬೇರೆ ಎರಡು ಮಾತು. ಎಲ್ಲ ಹಕ್ಕೂ ಶಾಶ್ವತವಾಗಿ ಅವರಿಗೆ. ಮತ್ತೆ ಫೋನಿನಲ್ಲಿ ಹೇಳಿದ್ದು: "ಆ ಬಾವಿ ನೀರಿನ ಗಲಾಟೆ ಅಧ್ಯಾಯ ಸ್ವಲ್ಪ ಮೆದು ಮಾಡಿ ಸಾರ್."

ಈ "ಮೆದು ಮಾಡಿ"ಗೆ ಇತಿಹಾಸ ಇದೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ 1936ರ ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಬಾಬಾಸಾಹೇಬರನ್ನ ಕರೆದಿತ್ತು. ಜಾತಿ ಒಡೀತೀವಿ ಅಂತ ಹೆಸರಲ್ಲೇ ಇಟ್ಟುಕೊಂಡ ಸಂಘ! ಭಾಷಣ ಓದಿದ ಮೇಲೆ ಅವರಿಗೂ ಕಸಿವಿಸಿ. ವೇದದ ಮಾತು ಬೇಡ, ಇಂಥಿಂಥ ಭಾಗ ತೆಗೀರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸಲ್ಲ ಅಂತ ಬಾಬಾಸಾಹೇಬರು ಬರೆದರು. ಸಮ್ಮೇಳನವೇ ರದ್ದಾಯ್ತು. ಅವರು ಸ್ವಂತ ಖರ್ಚಿನಲ್ಲಿ ಪುಸ್ತಕ ತಂದರು: 1,500 ಪ್ರತಿ, ಎರಡೇ ತಿಂಗಳಲ್ಲಿ ಖಾಲಿ. 'ಜಾತಿ ವಿನಾಶ' ನಮ್ಮ ಕೈಗೆ ಬಂದಿದ್ದು ಹೀಗೆ.

ಅಷ್ಟು ದೂರ ಯಾಕೆ, ನಮ್ಮ ಮಾಗಡಿ ತಾಲ್ಲೂಕಿನ ಮಂಚನಬೆಲೆಯವರೇ ಸಿದ್ಧಲಿಂಗಯ್ಯ. ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಿದ್ದಕ್ಕೆ ಬಸವಲಿಂಗಪ್ಪನವರು ಮಂತ್ರಿಗಿರಿ ಕಳ್ಕೊಂಡ 1973ರ ಗಲಾಟೆ ಆರುವ ಮೊದಲೇ, 1975ರಲ್ಲಿ, ಅವರ ಮೊದಲ ಸಂಕಲನ ಬಂತು. ಹೆಸರು 'ಹೊಲೆಮಾದಿಗರ ಹಾಡು'. ಯಾರಾದ್ರೂ ಆ ಹೆಸರನ್ನ ಮೆದು ಮಾಡಿಸಿದ್ದರೆ?

ಹಕ್ಕಿನ ವಿಚಾರಕ್ಕೆ 2022 ನೆನಪಿಸಿಕೊಳ್ಳಿ. ದೇವನೂರ ಮಹಾದೇವ ಅವರು 'ಆರ್‌ಎಸ್‌ಎಸ್: ಆಳ ಮತ್ತು ಅಗಲ'ವನ್ನ ಒಬ್ಬರಿಗೇ ಕಟ್ಟಿಹಾಕಲಿಲ್ಲ, ಹಲವು ಸಣ್ಣ ಪ್ರಕಾಶನಗಳು ಒಟ್ಟೊಟ್ಟಿಗೇ ಅಚ್ಚು ಹಾಕಿದವು. ಬೆಲೆ 40 ರೂಪಾಯಿ. ಹಕ್ಕು ಲೇಖಕರ ಕೈಲಿತ್ತು, ಅದಕ್ಕೇ ಹಂಚೋಕಾಯ್ತು.

ಕಾನೂನೂ ನಮ್ಮ ಕಡೆ ಸ್ವಲ್ಪ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಓದಿ. ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಆದರೆ "ಶಾಶ್ವತ" ಅನ್ನೋದಕ್ಕೆ ನಾವೇ ಸಹಿ ಹಾಕಿಬಿಟ್ಟರೆ ಆ ರಕ್ಷಣೆ ಹೋಯ್ತು.

ನಿನ್ನೆ ಉತ್ತರ ಬರೆದೆ. 50 ಪ್ರತಿ ಕೊಳ್ತೀನಿ. ಹಕ್ಕು ಮೂರು ವರ್ಷಕ್ಕೆ, ಕನ್ನಡಕ್ಕೆ ಮಾತ್ರ. ಬಾವಿ ಅಧ್ಯಾಯ ಇದ್ದಂಗೇ ಇರುತ್ತೆ, ಅದನ್ನ ಹೇಳಿದ ಅಜ್ಜಿ ಈಗಿಲ್ಲ, ಕೇಳಿ ತಿದ್ದೋಣ ಅಂದ್ರೂ ಆಗಲ್ಲ. ಅವರಿಂದ ಇನ್ನೂ ಫೋನ್ ಬಂದಿಲ್ಲ.