ಒಂದೇ ತಾರೀಖಿನ ಚಿತ್ರಗಳು

ಊರಿನಿಂದ ನೆಂಟರಿಷ್ಟರು ಬಂದಾಗ ಡೆಲ್ಫ್ಟ್‌ನಲ್ಲಿ ನಾವು ತೋರಿಸುವುದು ನೀಲಿ ಪಿಂಗಾಣಿ, ಹೇಳುವುದು ವರ್ಮೀರನ ಹೆಸರು. ಎಗ್ಬರ್ಟ್ ವಾನ್ ಡೆರ್ ಪೂಲ್ ಎಂಬುವನನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇರಲಾರೆವು. ಅವನೂ ಚಿತ್ರಕಾರ, 1621ರಲ್ಲಿ ಇದೇ ಊರಿನಲ್ಲಿ ಹುಟ್ಟಿದವನು.

1654ರ ಅಕ್ಟೋಬರ್ 12, ಸೋಮವಾರ ಬೆಳಿಗ್ಗೆ. ಊರಿನ ಈಶಾನ್ಯ ಮೂಲೆಯಲ್ಲಿ, ಹಿಂದೆ ಸನ್ಯಾಸಿನಿಯರ ಮಠವಿದ್ದ ಜಾಗದಲ್ಲಿ, ಟನ್‌ಗಟ್ಟಲೆ ಸಿಡಿಮದ್ದು ತುಂಬಿದ ಉಗ್ರಾಣ. ಅದನ್ನು ನೋಡಿಕೊಳ್ಳುತ್ತಿದ್ದ ಕಾರ್ನೆಲಿಸ್ ಸೂಟೆನ್ಸ್ ಪರೀಕ್ಷೆಗೆಂದು ಬಾಗಿಲು ತೆರೆದ. ಏನಾಯಿತೆಂದು ಹೇಳಲು ಅವನೇ ಉಳಿಯಲಿಲ್ಲ. ಸದ್ದು ದೂರದ ಟೆಕ್ಸೆಲ್ ದ್ವೀಪಕ್ಕೂ ಕೇಳಿಸಿತಂತೆ! ನೂರಕ್ಕೂ ಹೆಚ್ಚು ಜನ ಸತ್ತರು. ಸ್ಕೀಡಾಮಿನ ಸಂತೆಗೋ ಹೇಗ್ ನಗರದ ಜಾತ್ರೆಗೋ ಹೋಗಿದ್ದವರು ಬದುಕಿದರು. ರೆಂಬ್ರಾಂಟನ ಶಿಷ್ಯ ಕಾರೆಲ್ ಫಾಬ್ರಿಟಿಯಸ್ 32ರ ವಯಸ್ಸಿಗೇ ಹೋದ. ಅದೇ ವರ್ಷ ಅವನು ಬರೆದ ಪುಟ್ಟ ಹಕ್ಕಿಯ ಚಿತ್ರ ಹೇಗ್‌ನ ಮೌರಿಟ್ಸ್‌ಹೌಸ್‌ನಲ್ಲಿದೆ. ಅವನನ್ನು ಮಣ್ಣು ಮಾಡಿದ್ದು 14ರಂದು. ಅದೇ ದಿನ ವಾನ್ ಡೆರ್ ಪೂಲನ ಮಗಳೊಬ್ಬಳ ಶವಸಂಸ್ಕಾರವೂ ಆಯಿತು. ಅವಳು ಸ್ಫೋಟದಲ್ಲೇ ತೀರಿಕೊಂಡಿರಬೇಕು ಎಂದು ಬಲ್ಲವರ ಊಹೆ. ನಡುವೆ ಎರಡೇ ದಿನ; ನಮಗೂ ಹಾಗೆಯೇ ಅನಿಸುತ್ತದೆ.

ಆಮೇಲೆ ಅವನು ರಾಟರ್‌ಡ್ಯಾಮ್ ಸೇರಿದ. ಆದರೆ ಬರೆದದ್ದು ಮತ್ತೆ ಅದೇ ಡೆಲ್ಫ್ಟನ್ನು, ಅದೇ ಮುರಿದ ಮರಗಳನ್ನು, ಇಟ್ಟಿಗೆಯ ರಾಶಿಯನ್ನು. ಒಂದಲ್ಲ ಎರಡಲ್ಲ, ಸುಮಾರು 20 ಸಲ! ಯಾವಾಗ ಬರೆದರೂ ಚಿತ್ರದ ಮೇಲೆ ಹಾಕುತ್ತಿದ್ದ ತಾರೀಖು ಮಾತ್ರ ಅಕ್ಟೋಬರ್ 12, 1654. (ನಮ್ಮಂಥ ಕಂಪ್ಯೂಟರ್ ಮಂದಿ ನೋಡಿದರೆ ಗಡಿಯಾರ ನಿಂತುಹೋದ ಸರ್ವರ್ ಎನ್ನುತ್ತಿದ್ದೆವೇನೋ.)

ಕೊಳ್ಳುವವರಿದ್ದರು, ಅದಕ್ಕೇ ಬರೆದ ಎನ್ನುವವರಿದ್ದಾರೆ. ಇರಬಹುದು, ಬೆಂಕಿ ಅನಾಹುತದ ಚಿತ್ರಗಳಿಗೆ ಅವನು ಹೆಸರಾಗಿದ್ದವನೇ. ಹೊಟ್ಟೆಪಾಡಿಗೆ ಬರೆದರೆ ದುಃಖ ಸುಳ್ಳಾಗುತ್ತದೆಯೇ? ಮಗುವನ್ನು ಕಳೆದುಕೊಂಡ ಬೇಂದ್ರೆಯವರ ಪದ್ಯವನ್ನು ನಾವು ಇಲ್ಲಿಯ ಕೂಟಗಳಲ್ಲೂ ಹಾಡಿ ಕಣ್ಣೊರೆಸಿಕೊಳ್ಳುತ್ತೇವೆ. ಅದು ಒಂದೇ ಪದ್ಯ. ಇವನಿಗೆ ಒಂದು ಸಾಲಲಿಲ್ಲ. ವಾಸಿಯಾದವನು ಇಪ್ಪತ್ತು ಸಲ ಅದೇ ಬೆಳಿಗ್ಗೆಗೆ ಹಿಂತಿರುಗುತ್ತಾನೆಯೇ ಎಂದು ಕೇಳಬಹುದು. ಕೈಗೆ ಕೆಲಸ ಕೊಟ್ಟು ದಿನ ದಾಟಿಸಿದ್ದರೆ ಅದೂ ಒಂದು ಬಗೆಯ ಔಷಧವೇ ಅಲ್ಲವೆ?

ಲಂಡನ್ನಿಗೆ ಹೋದವರು ನ್ಯಾಷನಲ್ ಗ್ಯಾಲರಿಯಲ್ಲಿರುವ ಅವನ ಚಿತ್ರವನ್ನು ನೋಡಿ. ಹಿಂದೆ ಎರಡೂ ಚರ್ಚುಗಳು ನಿಂತೇ ಇವೆ. ಮುಂದೆ, ಅವಶೇಷಗಳ ನಡುವೆ, ಗಾಯಗೊಂಡವರನ್ನು ಉಪಚರಿಸುತ್ತಿರುವ ಪುಟ್ಟ ಪುಟ್ಟ ಮನುಷ್ಯರು.