ಯಾವುದರಿಂದ ಬಿಡುಗಡೆ?: ಗಡಿ ತಾಲೂಕುಗಳಲ್ಲಿ ಕ್ರೈಸ್ತ ರಕ್ಷಣೆಯ ವಿಚಾರ ನಡೆದುಬಂದ ದಾರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಸುತ್ತಾಡಿದವರ ಕಣ್ಣಿಗೆ ಮೊದಲು ಬೀಳುವುದು ಕಬ್ಬು, ತಂಬಾಕು, ಲಿಂಗಾಯತ ಮಠ, ಜೈನ ಬಸದಿ, ಚಿಂಚಲಿ ಮಾಯಕ್ಕನ ಗುಡಿ. ಚರ್ಚು ಮಾತ್ರ ಹುಡುಕಿದರಷ್ಟೇ ಸಿಗುತ್ತದೆ. 2011ರ ಜನಗಣತಿಯಂತೆ ಇಡೀ ಬೆಳಗಾವಿ ಜಿಲ್ಲೆಯಲ್ಲಿ ಕ್ರೈಸ್ತರು ಶೇ. 1ಕ್ಕಿಂತಲೂ ಕಡಿಮೆ. ಆದರೆ ಎರಡು ಸಾವಿರ ವರ್ಷಗಳಿಂದ ಆ ಧರ್ಮದೊಳಗೆ ನಡೆದಿರುವ ದೊಡ್ಡ ವಾದವೊಂದರ ಹೆಜ್ಜೆಗಳನ್ನು ಈ ಗಡಿಸೀಮೆಯಲ್ಲೂ ಗುರುತಿಸಬಹುದು.

ವಾದದ ತಿರುಳು ಸರಳ. ಮನುಷ್ಯ ತನ್ನ ಪುಣ್ಯದ ಬಲದಿಂದ ದೇವರನ್ನು ಮುಟ್ಟಲಾರ. ದೇವರೇ ಪ್ರೀತಿಯಿಂದ ಕ್ರಿಸ್ತನಲ್ಲಿ ಇಳಿದುಬಂದು ಅವನನ್ನು ಎತ್ತಿಕೊಂಡಿದ್ದಾನೆ, ಅದನ್ನು ನಂಬಿ ಸ್ವೀಕರಿಸುವುದಷ್ಟೇ ಮನುಷ್ಯನ ಪಾಲು. ಮೊದಲ ಶತಮಾನದಲ್ಲಿ ಪೌಲನು ರೋಮ್ ಮತ್ತು ಗಲಾತ್ಯದ ಸಭೆಗಳಿಗೆ ಬರೆದ ಪತ್ರಗಳ ಮುಖ್ಯ ವಿಷಯವೇ ಇದು. ಹಾಗಾದರೆ ಸತ್ಕಾರ್ಯಕ್ಕೆ ಬೆಲೆ ಇಲ್ಲವೇ? ಐದನೆಯ ಶತಮಾನದಲ್ಲಿ ಅಗಸ್ಟೀನ್ ಮತ್ತು ಪೆಲಾಜಿಯಸ್ ಇದಕ್ಕಾಗಿಯೇ ಸೆಣಸಿದರು. 1517ರಲ್ಲಿ ಲೂಥರ್ ಎತ್ತಿದ ಜಗಳದ ಬೇರೂ ಇಲ್ಲಿಯೇ ಇತ್ತು. ನಂಬಿಕೆಯೊಂದೇ ಸಾಕು ಎಂದು ಅವನು ಹೇಳಿದ. 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆಯಲ್ಲಿ ಕ್ಯಾಥೊಲಿಕರು, ಕೃಪೆಯೇ ಮೊದಲು, ಆದರೂ ಮನುಷ್ಯನ ಸಹಕಾರ ಬೇಕು ಎಂದು ಉತ್ತರ ಕೊಟ್ಟರು. ಯುರೋಪು ಎರಡು ಹೋಳಾಯಿತು. ಆ ಹೋಳುಗಳು ಬೇರೆಬೇರೆ ಹಡಗು ಹತ್ತಿ ನಮ್ಮ ಕರಾವಳಿಗೂ ಬಂದು ಇಳಿದವು.

ಮೊದಲು ಬಂದವರು ಕ್ಯಾಥೊಲಿಕರು. ಇಂಗ್ಲೆಂಡಿನ ಯೇಸುಸಭೆಯ ಪಾದ್ರಿ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವಾಕ್ಕೆ ಬಂದು, 1616ರಲ್ಲಿ ಅಚ್ಚಾದ ತನ್ನ ‘ಕ್ರಿಸ್ತಪುರಾಣ’ದಲ್ಲಿ ಆದಾಮನ ಪತನದಿಂದ ಯೇಸುವಿನ ಪುನರುತ್ಥಾನದವರೆಗಿನ ಕಥೆಯನ್ನು ಮರಾಠಿ ಓವಿಗಳಲ್ಲಿ ಕಟ್ಟಿದ. ಜ್ಞಾನೇಶ್ವರಿಯನ್ನು ಕೇಳಿ ಬಲ್ಲ ಕಿವಿಗೆ ಒಗ್ಗುವ ಛಂದಸ್ಸು ಅದು. ಈ ಜಾಣತನ ಪ್ರೊಟೆಸ್ಟೆಂಟರಿಗೆ ಬರಲು ಇನ್ನೂ ಎರಡು ಶತಮಾನ ಹಿಡಿಯಿತು.

ಕನ್ನಡದ ದಾರಿ ಬಳ್ಳಾರಿಯಿಂದ ತೆರೆಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆನಿಂತು ಬೈಬಲ್ ಅನುವಾದಕ್ಕೆ ಕೈಹಚ್ಚಿದರು. ಅದೇ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರು. ಇತ್ತ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. 1852ರಲ್ಲಿ ಅಮೆರಿಕದ ರಾಯಲ್ ವೈಲ್ಡರ್ ಕೊಲ್ಹಾಪುರದಲ್ಲಿ ಕೆಲಸ ಆರಂಭಿಸಿದರು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದ ಪಾಲು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯವು. ಹೀಗಾಗಿ ಈ ಸೀಮೆಗೆ ಒಂದೇ ಸುವಾರ್ತೆ ಎರಡು ಭಾಷೆಗಳಲ್ಲಿ ಬಂತು: ಬೆಳಗಾವಿಯ ಕಡೆಯಿಂದ ಕನ್ನಡದಲ್ಲಿ, ಕೊಲ್ಹಾಪುರದ ಕಡೆಯಿಂದ ಮರಾಠಿಯಲ್ಲಿ. 1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿ ಕೆಲಸವನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿತು. ನಿಪ್ಪಾಣಿಯಲ್ಲಿ, ವೈಲ್ಡರ್ ಆರಂಭಿಸಿದ ಕೆಲಸವನ್ನು ಮುಂದುವರಿಸಿದ ಕೊಲ್ಹಾಪುರದ ಪ್ರೆಸ್ಬಿಟೇರಿಯನ್ನರು ನೆಲೆಮಾಡಿದರು.

ಆರಂಭದ ಬೋಧಕರ ಮಾತು ಪಾಪದಿಂದ ಶುರುವಾಗುತ್ತಿತ್ತು. ನೀನು ಪಾಪಿ, ನಿನ್ನ ಪೂಜೆ ವ್ರತಗಳಿಂದ ಏನೂ ಆಗದು, ಕ್ರಿಸ್ತನನ್ನು ನಂಬು. ಸಂತೆಯಲ್ಲಿ ನಿಂತು ಕೇಳಿದವರಿಗೆ ಇದರಲ್ಲಿ ಅರ್ಧ ಹೊಸದು, ಅರ್ಧ ಹಳೆಯದು. ದೇವರ ಕರುಣೆಯಿಲ್ಲದೆ ಗತಿಯಿಲ್ಲ ಎಂಬುದನ್ನು ಶರಣರೂ ವಾರಕರಿ ಸಂತರೂ ಶತಮಾನಗಳಿಂದ ಹೇಳುತ್ತ ಬಂದಿದ್ದರು. ಮಿಷನ್ನು ಬೆಳೆಯುತ್ತಿದ್ದ ಕಾಲದಲ್ಲಿಯೇ ಅಥಣಿಯಲ್ಲಿ ಮುರುಘೇಂದ್ರ ಶಿವಯೋಗಿಗಳು (1836–1921) ಸಾವಿರಾರು ಭಕ್ತರ ಪಾಲಿಗೆ ಆ ಕರುಣೆಯ ಜೀವಂತ ರೂಪವಾಗಿದ್ದರು. ಕೃಪೆಯ ಹಸಿವೇ ಇಲ್ಲದ ನಾಡಿಗೆ ತಾವು ಬಂದಿದ್ದೇವೆಂದು ಅನೇಕ ಮಿಷನರಿಗಳು ತಿಳಿದದ್ದು ದೊಡ್ಡ ತಪ್ಪೆಣಿಕೆ. ಜನ ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ: ಈ ರಕ್ಷಣೆ ಯಾವುದರಿಂದ? ನರಕದಿಂದಲೋ, ರೋಗದಿಂದಲೋ, ಊರ ಹೊರಗಿನ ಕೇರಿಯಿಂದಲೋ?

ಓದು ಬಲ್ಲವರಿಗೆ ಅದು ಸಂದೇಹದಿಂದ ಬಿಡುಗಡೆಯಾಗಿತ್ತು. 1831ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಬಾಬಾ ಪದಮನಜಿ ಲಂಡನ್ ಮಿಷನ್ನಿನ ಶಾಲೆಯಲ್ಲಿ ಕಲಿತು, ಮುಂಬಯಿಗೆ ಹೋಗಿ ಜಾತಿ ನಿರಾಕರಿಸುವ ಪರಮಹಂಸ ಸಭೆಯ ಒಡನಾಟ ಮಾಡಿ, ಕೊನೆಗೆ 1854ರಲ್ಲಿ ಬೆಳಗಾವಿಯಲ್ಲೇ ದೀಕ್ಷಾಸ್ನಾನ ಪಡೆದರು. ‘ಅರುಣೋದಯ’ ಎಂಬ ಆತ್ಮಕಥೆಯಲ್ಲಿ ಅವರು ಬರೆದಿರುವುದು ಮಿಂಚು ಹೊಡೆದಂಥ ಪರಿವರ್ತನೆಯ ಕಥೆಯಲ್ಲ. ಅದು ವರ್ಷಗಟ್ಟಲೆ ಓದಿ, ಅಳುಕಿ, ಮನೆಯವರನ್ನು ನೆನೆದು ಹಿಂಜರಿದು ಮುಂದಿಟ್ಟ ಹೆಜ್ಜೆಗಳ ಕಥೆ. ನಂಬಿಕೆ ಅಂಥವರಿಗೆ ಸುಲಭದ ದಾರಿಯಾಗಿರಲಿಲ್ಲ. ಬೆಳಗಾವಿಯ ಈ ಮನುಷ್ಯ 1857ರಲ್ಲಿ ವಿಧವೆಯರ ಗೋಳಿನ ಮೇಲೆ ಬರೆದ ‘ಯಮುನಾಪರ್ಯಟನ’ವನ್ನು ಮರಾಠಿಯ ಮೊದಲ ಕಾದಂಬರಿ ಎನ್ನುತ್ತಾರೆ. ರಕ್ಷಣೆ ಪರಲೋಕದ ಮಾತಷ್ಟೇ ಅಲ್ಲವೆಂಬ ಸುಳಿವು ಅಲ್ಲಿಯೇ ಇದೆ.

ಕಾಗವಾಡ, ಅಥಣಿಯ ಹಳ್ಳಿಗರಿಗಾದರೋ ಕ್ರೈಸ್ತಧರ್ಮ ಎಂದರೆ ಮಿರಜದ ಮಿಷನ್ ದವಾಖಾನೆ. ಕೆನಡಾದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಂ ವಾನ್‌ಲೆಸ್ 1889ರಲ್ಲಿ ಭಾರತಕ್ಕೆ ಬಂದು, 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ದೂರದೂರದಿಂದ ಜನ ಬಂದರು. ಇಂದಿಗೂ ಗಡಿ ದಾಟಿ ಮಿರಜಕ್ಕೆ ಚಿಕಿತ್ಸೆಗೆ ಹೋಗುವುದು ಕಾಗವಾಡದವರಿಗೆ ಪರಊರಿಗೆ ಹೋದಂತಲ್ಲ. ಗುಣವಾಗಿ ಹೊರಟವರಲ್ಲಿ ಕ್ರೈಸ್ತರಾದವರು ತೀರ ಕಡಿಮೆ. ಬೋಧನೆಗಿಂತ ಶುಶ್ರೂಷೆಯನ್ನೇ ಊರವರು ನೆನಪಿಟ್ಟುಕೊಂಡರು. ದೇವರ ಪ್ರೀತಿ ಎಂಬ ಮಾತಿಗೆ ಅವರ ಪಾಲಿಗೆ ಸಿಕ್ಕ ಸಾಕ್ಷಿ ಅದು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ದಲಿತ ಕುಟುಂಬಗಳು ಗುಂಪಾಗಿ ಮೆಥಡಿಸ್ಟ್ ಸಭೆಗೆ ಸೇರಿದಾಗ ಪ್ರಶ್ನೆ ಇನ್ನಷ್ಟು ಮೊನಚಾಯಿತು. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1738ರ ಮೇ 24ರ ಸಂಜೆ ಲಂಡನ್ನಿನಲ್ಲಿ ಲೂಥರನ ಬರಹವೊಂದನ್ನು ಕೇಳುತ್ತಿದ್ದಾಗ ಎದೆ ಬೆಚ್ಚಗಾಯಿತೆಂದು ಬರೆದಿಟ್ಟವನು. ಕೃಪೆ ಎಲ್ಲರಿಗೂ ತೆರೆದಿದೆ, ನಂಬಿದವನ ಬದುಕೂ ಬದಲಾಗಬೇಕು ಎಂಬುದು ಅವನ ಉಪದೇಶ. ಕೇರಿಯ ಜನರಿಗೆ ಶಾಲೆ, ಓದು, ಸ್ವಂತದ ಹೆಸರು, ಒಟ್ಟಿಗೆ ಕುಳಿತು ಉಣ್ಣುವ ಪ್ರಭುಭೋಜನ ಇವೆಲ್ಲ ಆ ಬದಲಾವಣೆಯ ಭಾಗವೇ ಆದವು.

ಇಷ್ಟು ಸಾಲದು ಎಂದವರು ಅಂಬೇಡ್ಕರ್. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಸೇರಿದ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತಿಗೆ ಅವರೇ ಅಧ್ಯಕ್ಷರು. ಮುಂದೆ ಮತಾಂತರಿತರ ಸ್ಥಿತಿಯನ್ನು ಕುರಿತು ಬರೆದಾಗ ಅವರು ಮೂಲಪಾಪದ ಬೋಧನೆಯನ್ನೇ ಕೆದಕಿದರು: ನಿನ್ನ ದುರವಸ್ಥೆಗೆ ಕಾರಣ ಸಮಾಜವಲ್ಲ, ನಿನ್ನೊಳಗಿನ ಪಾಪ ಎಂದು ಕಲಿತವನು ಸಮಾಜದ ವಿರುದ್ಧ ಏಕೆ ಎದ್ದುನಿಲ್ಲುತ್ತಾನೆ? ಈ ಸೀಮೆಯ ಯಾವ ಪ್ರವಚನಪೀಠವೂ ಅದಕ್ಕೆ ಸಮರ್ಪಕ ಉತ್ತರ ಕೊಟ್ಟಂತೆ ಕಾಣುವುದಿಲ್ಲ. ಮಹಾರಾಷ್ಟ್ರದ ಕಡೆಯ ದಲಿತರಲ್ಲಿ ಬಹಳ ಮಂದಿ 1956ರ ನಂತರ ಅಂಬೇಡ್ಕರರ ಹಿಂದೆಯೇ ಬುದ್ಧನತ್ತ ನಡೆದರು.

ಒಳಗಿನವರು ಸುಮ್ಮನೆ ಕೂತಿರಲಿಲ್ಲ. 1895ರಲ್ಲಿ ಕ್ರೈಸ್ತರಾದ ಕವಿ ನಾರಾಯಣ ವಾಮನ ಟಿಳಕರು ತುಕಾರಾಮನ ದಾರಿಯಿಂದಲೇ ಕ್ರಿಸ್ತನ ಬಳಿಗೆ ಬಂದೆನೆಂದು ಹೇಳಿಕೊಂಡವರು. ಅವರ ಹಾಡುಗಳು ಮರಾಠಿ ಸಭೆಗಳ ಭಕ್ತಿಯ ಧಾಟಿಯನ್ನೇ ಬದಲಿಸಿದವು. ಕನ್ನಡದಲ್ಲಿ ಇದೇ ಕೆಲಸಕ್ಕೆ ಇಳಿದವರು ಧಾರವಾಡದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962). ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದ ಈ ಪಾದ್ರಿ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯಲ್ಲಿ ಖಂಡನೆಯ ಭಾಷೆ ಬಿಟ್ಟು ವಿನಂತಿಯ ಭಾಷೆ ಹಿಡಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದದ್ದು ಆ ಭಾಷೆಗೆ ಕನ್ನಡನಾಡು ಕೊಟ್ಟ ಮರ್ಯಾದೆ. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಬಾಗಿಲು ತೆರೆದ ಮೇಲೆ ಕ್ಯಾಥೊಲಿಕರೂ ಈ ದಾರಿಗೆ ವೇಗ ಕೊಟ್ಟರು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಗೋವಾದ ಯೇಸುಸಭೆಯವರು ಲಿಂಗಾಯತ ವಿರಕ್ತಮಠದ ಮಾದರಿಯ ಮಠವನ್ನೇ ಕಟ್ಟಿದ್ದಾರೆ. ಅಲ್ಲಿನ ಗುರುಗಳು ಕಾವಿ ಉಡುತ್ತಾರೆ.

ಇತ್ತ ಮೂಲ ಜಗಳವೂ ತಣ್ಣಗಾಯಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರು ಮತ್ತು ಲೂಥರನ್ನರು ಜಂಟಿ ಘೋಷಣೆಗೆ ಸಹಿ ಹಾಕಿದರು: ರಕ್ಷಣೆ ಕೃಪೆಯಿಂದಲೇ, ನಂಬಿಕೆಯಿಂದಲೇ, ಸತ್ಕಾರ್ಯ ಅದರ ಫಲ. ಮೆಥಡಿಸ್ಟರು 2006ರಲ್ಲಿ, ಪ್ರೆಸ್ಬಿಟೇರಿಯನ್ನರನ್ನು ಒಳಗೊಂಡ ರಿಫಾರ್ಮ್ಡ್ ಸಭೆಗಳ ಒಕ್ಕೂಟ 2017ರಲ್ಲಿ ಒಪ್ಪಿಗೆ ನೀಡಿದವು. ಗಡಿಸೀಮೆಗೆ ಬೇರೆಬೇರೆ ದಾರಿಯಿಂದ ಬಂದ ಮೂರು ಪರಂಪರೆಗಳೂ ಕಾಗದದ ಮೇಲಾದರೂ ಈಗ ಒಂದೇ ಮಾತು ಹೇಳುತ್ತವೆ.

ಆದರೆ ವಾದ ದೇವಶಾಸ್ತ್ರಜ್ಞರ ಕೈಬಿಟ್ಟು ಸರಕಾರದ ಕಡತಕ್ಕೆ ದಾಟಿದೆ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಬದುಕಿನ ಭರವಸೆ, ದೇವರ ಕೋಪದ ಮಾತು ಇವೆಲ್ಲ ಅದರಲ್ಲಿ ‘ಆಮಿಷ’ದ ಪಟ್ಟಿಗೆ ಸೇರಿದವು. 2022ರಲ್ಲಿ ಅದು ಕಾಯ್ದೆಯಾಯಿತು. ರದ್ದುಪಡಿಸುವುದಾಗಿ 2023ರ ಜೂನ್‌ನಲ್ಲಿ ಹೊಸ ಸರಕಾರದ ಸಂಪುಟ ತೀರ್ಮಾನಿಸಿತು. ದಲಿತ ಕ್ರೈಸ್ತರ ತೊಡಕು ಇದಕ್ಕಿಂತ ಹಳೆಯದು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ, ಆಮೇಲಿನ ತಿದ್ದುಪಡಿಗಳಂತೆ ಸಿಖ್ಖರಿಗೆ ಮತ್ತು ಬೌದ್ಧರಿಗೆ ಮಾತ್ರ. ಕರ್ನಾಟಕದಲ್ಲಿ ದೀಕ್ಷಾಸ್ನಾನ ಪಡೆದ ದಲಿತ ಕುಟುಂಬ ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಜಾರುತ್ತದೆ. ಆ ಮಾನ್ಯತೆಯನ್ನು ವಿಸ್ತರಿಸಬೇಕೇ ಎಂಬುದನ್ನು ಪರಿಶೀಲಿಸಲು ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ರಚಿಸಿತು. ಎರಡು ವರ್ಷದಲ್ಲಿ ವರದಿ ಕೊಡಬೇಕಿದ್ದ ಆಯೋಗದ ಅವಧಿಯನ್ನು ಆಮೇಲೆ ವಿಸ್ತರಿಸಲಾಯಿತು.