ಹಸಿರು ತಟ್ಟೆ, ಕಿತ್ತಳೆ ತಟ್ಟೆ: ರಾಕಬಿಲಿ ಸಿಂಗಲ್ಲುಗಳ ಎರಡು ಮುಖ

1949ರ ಮಾರ್ಚ್ ಕೊನೆಗೆ ಆರ್‌ಸಿಎ ವಿಕ್ಟರ್ ಕಂಪನಿ ಅಮೆರಿಕದ ಅಂಗಡಿಗಳಿಗೆ ಒಂದು ಹೊಸ ಸಾಮಾನು ತಂದಿತು. ಏಳು ಇಂಚಿನ ಪುಟ್ಟ ತಟ್ಟೆ, ನಡುವೆ ಒಂದೂವರೆ ಇಂಚಿನ ದೊಡ್ಡ ತೂತು, ನಿಮಿಷಕ್ಕೆ 45 ಸುತ್ತು, ಬದಿಗೊಂದು ಹಾಡು. ಹಿಂದಿನ ವರ್ಷವಷ್ಟೇ ಕೊಲಂಬಿಯಾ ಕಂಪನಿ ತನ್ನ ದೊಡ್ಡ ಎಲ್‌ಪಿ ತಟ್ಟೆಯನ್ನು ಬಿಟ್ಟಿತ್ತು. ಅದಕ್ಕೆ ಆರ್‌ಸಿಎ ಕೊಟ್ಟ ಉತ್ತರ ಈ 45.

ಗಿರಾಕಿಗಳ ಕಣ್ಣಿಗೆ ಮೊದಲು ಬಿದ್ದದ್ದು ಬಣ್ಣ. ಸಾಮಾನ್ಯ ಜನಪ್ರಿಯ ಹಾಡಿಗೆ ಕಪ್ಪು ತಟ್ಟೆ, ಪಾಶ್ಚಾತ್ಯ ಶಾಸ್ತ್ರೀಯಕ್ಕೆ ಕೆಂಪು, ಮಕ್ಕಳ ಹಾಡಿಗೆ ಹಳದಿ. ಕಂಟ್ರಿ ಸಂಗೀತಕ್ಕೆ ಹಸಿರು. ರಿದಮ್ ಅಂಡ್ ಬ್ಲೂಸ್‌ಗೆ ಕಿತ್ತಳೆ ಕಡೆ ವಾಲೋ ಒಂದು ಕೆಂಪು. ನೋಡೋಕೆ ಬಳೆ ಅಂಗಡಿ ಥರ ಚೆಂದ. ಆದ್ರೆ ಈ ಬಣ್ಣಗಳ ಹಿಂದೆ ಇನ್ನೊಂದು ಬಣ್ಣದ ಲೆಕ್ಕ ಇತ್ತು. ಹಸಿರು ಅಂದ್ರೆ ದಕ್ಷಿಣದ ಹಳ್ಳಿಗಾಡಿನ ಬಿಳಿಯರ ಸಂಗೀತ, ಕಿತ್ತಳೆ ಅಂದ್ರೆ ಕಪ್ಪು ಜನರ ಸಂಗೀತ. ಅದೇ ವರ್ಷದ ಜೂನ್ ತನಕ ಬಿಲ್‌ಬೋರ್ಡ್ ಪತ್ರಿಕೆ ಕಪ್ಪು ಸಂಗೀತದ ಪಟ್ಟಿಯನ್ನು ‘ರೇಸ್ ರೆಕಾರ್ಡ್ಸ್’ ಅಂತಲೇ ಕರೀತಿತ್ತು.

ಇವತ್ತು ಕಂಟ್ರಿ ಮತ್ತು ರಾಕಬಿಲಿ ಸಿಂಗಲ್ ಹುಡುಕೋರು ಈ ಎರಡು ಬಣ್ಣಗಳನ್ನೂ ಹುಡುಕುತ್ತಾರೆ. ಹಸಿರಿನ ಮೊದಲ ಕಂತಿನಲ್ಲಿ ಎಡ್ಡಿ ಆರ್ನಲ್ಡ್ ಅವರ ‘ಟೆಕ್ಸಾರ್ಕಾನಾ ಬೇಬಿ’ ಬಂತು. ಕಿತ್ತಳೆ ಸರಣಿಯ ಮೊಟ್ಟಮೊದಲ ಸಂಖ್ಯೆ, ಅಂದ್ರೆ 50-0000, ಸಿಕ್ಕಿದ್ದು ಮಿಸಿಸಿಪ್ಪಿಯ ಬ್ಲೂಸ್ ಗಾಯಕ ಆರ್ಥರ್ ಕ್ರೂಡಪ್ ಅವರ ‘ದ್ಯಾಟ್ಸ್ ಆಲ್ ರೈಟ್’ ಹಾಡಿಗೆ. ಅವರು ಅದನ್ನು 1946ರಲ್ಲೇ ಹಾಡಿ ಮುದ್ರಿಸಿದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಐದು ವರ್ಷ ಮುಂದೆ ಹೋಗೋಣ. 1954ರ ಜುಲೈ, ಟೆನೆಸಿಯ ಮೆಂಫಿಸ್ ಪಟ್ಟಣ, 706 ಯೂನಿಯನ್ ಅವೆನ್ಯೂ. ಸ್ಯಾಮ್ ಫಿಲಿಪ್ಸ್ ಅಲ್ಲಿ 1950ರಿಂದ ಒಂದು ಪುಟ್ಟ ಸ್ಟುಡಿಯೋ ನಡೆಸ್ತಿದ್ದರು, 1952ರಿಂದ ‘ಸನ್’ ಅನ್ನೋ ಸ್ವಂತ ಲೇಬಲ್ಲೂ ಇತ್ತು. ಹಳದಿ ಕಾಗದದ ಮೇಲೆ ಸೂರ್ಯನ ಕಿರಣ, ಒಂದು ಹುಂಜ. 19 ವರ್ಷದ ಎಲ್ವಿಸ್ ಪ್ರೆಸ್ಲಿ, ಗಿಟಾರಿಗೆ ಸ್ಕಾಟಿ ಮೂರ್, ಬಾಸ್‌ಗೆ ಬಿಲ್ ಬ್ಲ್ಯಾಕ್. ಡ್ರಮ್ಸ್ ಇಲ್ಲವೇ ಇಲ್ಲ. ಆ ತಿಂಗಳು ಹೊರಬಂದ ಸನ್ 209ರ ಒಂದು ಬದಿಯಲ್ಲಿ ಕ್ರೂಡಪ್ ಅವರ ‘ದ್ಯಾಟ್ಸ್ ಆಲ್ ರೈಟ್’. ತಟ್ಟೆ ತಿರುವಿದ್ರೆ ಬಿಲ್ ಮನ್ರೋ ಅವರ ಬ್ಲೂಗ್ರಾಸ್ ಹಾಡು ‘ಬ್ಲೂ ಮೂನ್ ಆಫ್ ಕೆಂಟಕಿ’.

ಗಮನಿಸಿ. ಅಂಗಡಿಯ ಕಪಾಟಿನಲ್ಲಿ ಬೇರೆ ಬೇರೆ ಇಟ್ಟಿದ್ದ ಎರಡು ಸಂಗೀತ ಇಲ್ಲಿ ಒಂದೇ ತಟ್ಟೆಯ ಬೆನ್ನು ಹೊಟ್ಟೆಗಳಾಗಿ ಬಂದವು. ಬ್ಲೂಸ್ ಹಾಡನ್ನು ಕಂಟ್ರಿ ಗಿಟಾರಿನ ಚುರುಕಿನಲ್ಲಿ ನುಡಿಸಿದ್ದರು. ನಿಧಾನದ ಕಂಟ್ರಿ ವಾಲ್ಟ್ಸ್‌ಗೆ ಬ್ಲೂಸಿನ ಬೀಸು ಕೊಟ್ಟಿದ್ದರು. ರಾಕ್ ಮತ್ತು ಹಿಲ್‌ಬಿಲಿ ಸೇರಿ ರಾಕಬಿಲಿ. ಹಿಲ್‌ಬಿಲಿ ಅಂದ್ರೆ ಗುಡ್ಡಗಾಡಿನ ಗಮಾರ ಅನ್ನೋ ಹೀಯಾಳಿಕೆ. ಅದೇ ಬೈಗುಳ ಒಂದು ಸಂಗೀತದ ಹೆಸರಾಯ್ತು. ಹಾಗಂತ ಆ ಊರಿನ ಬೀದಿಯಲ್ಲಿ ಬಣ್ಣಭೇದ ಹೋಯ್ತು ಅಂತಲ್ಲ. ತಟ್ಟೆಯೊಳಗೆ ಜೊತೆಯಾದ ಜನ ಬಸ್ಸಿನಲ್ಲಿ ಅಕ್ಕಪಕ್ಕ ಕೂರುವಂತಿರಲಿಲ್ಲ.

ಸನ್ ಲೇಬಲ್ಲಿಗೆ ಎಲ್ವಿಸ್ ಐದೇ ಸಿಂಗಲ್ ಮಾಡಿದ್ದು: 209, 210, 215, 217, 223. 1955ರ ನವೆಂಬರಿನಲ್ಲಿ ಫಿಲಿಪ್ಸ್ ಅವನ ಕರಾರನ್ನು 35,000 ಡಾಲರಿಗೆ ಆರ್‌ಸಿಎಗೆ ಮಾರಿದರು. ಆಮೇಲೂ ಸನ್ ಬರಿದಾಗಲಿಲ್ಲ. 1956ರಲ್ಲಿ ಕಾರ್ಲ್ ಪರ್ಕಿನ್ಸ್ ಅವರ ‘ಬ್ಲೂ ಸ್ವೇಡ್ ಶೂಸ್’ ಕಂಟ್ರಿ, ಪಾಪ್, ರಿದಮ್ ಅಂಡ್ ಬ್ಲೂಸ್, ಮೂರೂ ಪಟ್ಟಿ ಏರಿತು. ಜಾನಿ ಕ್ಯಾಶ್, ರಾಯ್ ಆರ್ಬಿಸನ್, ಜೆರಿ ಲೀ ಲೂಯಿಸ್, ಎಲ್ಲರೂ ಆ ಬಾಗಿಲು ದಾಟಿದವರೇ.

ಆದ್ರೆ ಸಂಗ್ರಾಹಕರ ನಿದ್ದೆಗೆಡಿಸೋದು ಈ ದೊಡ್ಡ ಹೆಸರುಗಳಲ್ಲ. 45 ಚಿಕ್ಕದು, ಹಗುರ, ಸುಲಭಕ್ಕೆ ಒಡೆಯಲ್ಲ, ಅಂಚೆಯಲ್ಲಿ ರೇಡಿಯೋ ಸ್ಟೇಷನ್ನಿಗೆ ಕಳಿಸಬಹುದು. 1950ರಲ್ಲಿ ಸೀಬರ್ಗ್ ಕಂಪನಿ 45ಕ್ಕೆಂದೇ ಜೂಕ್‌ಬಾಕ್ಸ್ ತಂದಿತು. ಹೋಟೆಲು, ಬಾರುಗಳ ಮೂಲೆಯಲ್ಲಿ ಕಾಸು ಹಾಕಿದ್ರೆ ಹಾಡು. ಹೀಗಾಗಿ ಸಣ್ಣ ಬಂಡವಾಳದಲ್ಲೂ ಲೇಬಲ್ ಶುರು ಮಾಡಬಹುದಾಯ್ತು. ಟೆಕ್ಸಸ್‌ನಲ್ಲಿ ಹುಟ್ಟಿದ ಸ್ಟಾರ್‌ಡೇ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು: ನಿಮ್ಮ ಟೇಪು ಕಳಿಸಿ, ದುಡ್ಡು ಕೊಡಿ, ಕೆಲವು ನೂರು ಪ್ರತಿ ಒತ್ತಿ ಕಳಿಸ್ತೀವಿ. ಹಗಲು ಗ್ಯಾರೇಜಿನಲ್ಲೋ ಗಿರಣಿಯಲ್ಲೋ ದುಡಿದು, ಶನಿವಾರ ರಾತ್ರಿ ಹಾಡೋ ಹುಡುಗರು ತಮ್ಮ ಹೆಸರಿನ ತಟ್ಟೆಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟು ಊರೂರಲ್ಲಿ ಮಾರಿದರು. ಹೆಚ್ಚಿನವು ತಮ್ಮ ಜಿಲ್ಲೆ ದಾಟಲಿಲ್ಲ. ದಶಕ ಮುಗಿಯೋ ಹೊತ್ತಿಗೆ ಫ್ಯಾಷನ್ ಬದಲಾಯ್ತು, ತಟ್ಟೆಗಳು ಅಟ್ಟ ಸೇರಿದವು.

ಇಲ್ಲಿ ನಮ್ಮ ಕಡೆಯ ಒಂದು ಎಳೆ ಇದೆ. 45ಕ್ಕೆ ಮುಂಚಿನ 78 ಸುತ್ತಿನ ತಟ್ಟೆಗಳಿಗೆ ಷೆಲ್ಯಾಕ್ ಬೇಕಿತ್ತು. ಷೆಲ್ಯಾಕ್ ಅಂದ್ರೆ ಬೇರೇನಲ್ಲ, ಅರಗು. ಮಹಾಭಾರತದಲ್ಲಿ ಪಾಂಡವರನ್ನು ಸುಡೋಕೆ ಕಟ್ಟಿದ್ದ ಅರಗಿನ ಮನೆಯ ಅರಗು. ಚನ್ನಪಟ್ಟಣದ ಬೊಂಬೆಗೆ ಇಂದಿಗೂ ಹೊಳಪು ಕೊಡೋದು ಇದೇ. ಒಂದು ಪುಟ್ಟ ಕೀಟ ಮರದ ಕೊಂಬೆಯ ಮೇಲೆ ಸುರಿಸೋ ಅಂಟು. ಜಗತ್ತಿಗೆ ಅದು ಬಹುಪಾಲು ಭಾರತದಿಂದ ಹೋಗ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಹಡಗು ಸಂಚಾರ ಕಷ್ಟವಾದಾಗ, 1942ರ ಏಪ್ರಿಲ್‌ನಲ್ಲಿ, ಅಮೆರಿಕ ಸರ್ಕಾರ ರೆಕಾರ್ಡು ತಯಾರಿಕೆಗೆ ಸಿಗೋ ಷೆಲ್ಯಾಕನ್ನು ಶೇಕಡಾ 70ರಷ್ಟು ಕಡಿತ ಮಾಡಿತು. ಸೈನಿಕರಿಗೆ ಕಳಿಸೋ ವಿ-ಡಿಸ್ಕ್‌ಗಳಿಗೆ ವಿನೈಲ್ ಬಳಸಿದರು. ಯುದ್ಧ ಮುಗಿದ ಮೇಲೆ ಆ ಪ್ಲಾಸ್ಟಿಕ್ಕೇ ಅರಗನ್ನು ಮೂಲೆಗೆ ತಳ್ಳಿತು. ಸನ್ 209 ಎರಡು ಕಾಲದ ನಡುವೆ ನಿಂತ ತಟ್ಟೆ: 78ರಲ್ಲೂ ಬಂತು, 45ರಲ್ಲೂ ಬಂತು.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ರಾಕಬಿಲಿಗೆ ಆ ಗಾದೆ ಸರಿಯಾಗಿ ಒಪ್ಪುತ್ತೆ. ಹುಟ್ಟಿದ ದೇಶ ಮರೆತಿದ್ದನ್ನು ಹುಡುಕಿ ತಂದವರು ಯುರೋಪಿನವರು. 1971ರಲ್ಲಿ ಟೆಡ್ ಕ್ಯಾರಲ್ ಲಂಡನ್ನಿನ ಗೋಲ್ಬೋರ್ನ್ ರೋಡ್ ಸಂತೆಯಲ್ಲಿ ‘ರಾಕ್ ಆನ್’ ಅನ್ನೋ ಹಳೇ ರೆಕಾರ್ಡಿನ ಅಂಗಡಿ ಹಾಕಿದರು. 1975ರಲ್ಲಿ ಜರ್ಮನಿಯಲ್ಲಿ ರಿಚರ್ಡ್ ವೈಟ್ಸೆ ‘ಬೇರ್ ಫ್ಯಾಮಿಲಿ’ ಶುರು ಮಾಡಿದರು. ಅದೇ ವರ್ಷ ಕಾಲಿನ್ ಎಸ್ಕಾಟ್ ಮತ್ತು ಮಾರ್ಟಿನ್ ಹಾಕಿನ್ಸ್ ಅನ್ನೋ ಇಬ್ಬರು ಇಂಗ್ಲಿಷ್ ಸಂಗ್ರಾಹಕರು ಸನ್ ಲೇಬಲ್ಲಿನ ಇತಿಹಾಸವನ್ನು ಪುಸ್ತಕ ಮಾಡಿದರು. 1976ರ ಮೇ ತಿಂಗಳಲ್ಲಿ ಸಾವಿರಾರು ಅಭಿಮಾನಿಗಳು ರೇಡಿಯೋದಲ್ಲಿ ಹಳೇ ರಾಕ್ ಅಂಡ್ ರೋಲ್ ಹಾಕಿ ಅಂತ ಲಂಡನ್ನಿನಲ್ಲಿ ಬಿಬಿಸಿಗೆ ಮೆರವಣಿಗೆ ಹೋದರು!

ಆ ವರ್ಷದ ಇನ್ನೊಂದು ವಿಚಿತ್ರ ಕೇಳಿ. ಹ್ಯಾಂಕ್ ಮೈಜೆಲ್ ಅನ್ನೋರು 1958ರಲ್ಲಿ ‘ಜಂಗಲ್ ರಾಕ್’ ಅಂತ ಒಂದು ಸಿಂಗಲ್ ಮಾಡಿದ್ದರು. ಆಗ ಅದನ್ನು ಮೂಸಿ ನೋಡಿದವರೂ ಕಡಿಮೆ. 18 ವರ್ಷ ಕಳೆದು ಚಾರ್ಲಿ ಕಂಪನಿ ಅದನ್ನು ಮತ್ತೆ ಬಿಟ್ಟಾಗ ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನ. ವಾಂಡಾ ಜಾಕ್ಸನ್ ಅವರ ‘ಫ್ಯೂಜಿಯಾಮಾ ಮಾಮಾ’ದ ಕತೆ ಇನ್ನೂ ಸೋಜಿಗ. ಹಿರೋಶಿಮಾ, ನಾಗಸಾಕಿಯ ಹೆಸರೆತ್ತೋ ಆ ಹಾಡು ಅಮೆರಿಕದಲ್ಲಿ ಸೋತಿತು, ಜಪಾನಿನಲ್ಲಿ ಗೆದ್ದಿತು. 1959ರಲ್ಲಿ ಅವರು ಅಲ್ಲಿಗೇ ಹೋಗಿ ಹಾಡಿ ಬಂದರು.

ಹುಡುಕಾಟ ಜೋರಾದ ಮೇಲೆ ನಕಲಿ ಬರದೇ ಇರುತ್ತಾ? ಹಾಗಾಗಿ ಸಂಗ್ರಾಹಕರು ತಟ್ಟೆಯನ್ನು ಜಾತಕದ ಹಾಗೆ ಓದೋಕೆ ಕಲಿತರು. ಹಾಡು ಮುಗಿದು ಲೇಬಲ್ ಶುರುವಾಗೋ ನಡುವಿನ ಖಾಲಿ ಜಾಗದಲ್ಲಿ ಗೀಚಿದ ಸಂಖ್ಯೆ ಇರುತ್ತೆ, ಅದು ಯಾವ ಅಚ್ಚಿನಿಂದ ಬಂತು ಅಂತ ಹೇಳುತ್ತೆ. ಪುಟ್ಟ ತ್ರಿಕೋನ, ಪಕ್ಕದಲ್ಲಿ ಅಂಕಿ ಇದ್ರೆ ಲಾಸ್ ಏಂಜಲಿಸ್‌ನ ಮೊನಾರ್ಕ್ ಕಾರ್ಖಾನೆ. ಸನ್ ತಟ್ಟೆಯ ಲೇಬಲ್ ಮೇಲೆ ಮೂರು ದುಂಡನೆ ಒತ್ತುಗುರುತು ಇದ್ರೆ ಅದು ಮೆಂಫಿಸ್‌ನಲ್ಲೇ ಒತ್ತಿದ್ದು. ಎಲ್ವಿಸ್‌ನ ಸನ್ ಸಿಂಗಲ್ ಕೆಂಪಲ್ಲೋ ನೀಲಿಯಲ್ಲೋ ಸಿಕ್ಕಿದ್ರೆ ಹಿಗ್ಗಬೇಡಿ, ಅಸಲಿಗಳೆಲ್ಲ ಕಪ್ಪೇ.

ಇಷ್ಟೆಲ್ಲ ಯಾಕೆ, ಹಾಡು ಹೇಗೂ ಫೋನಿನಲ್ಲೇ ಸಿಗುತ್ತಲ್ಲ ಅಂತ ಕೇಳಬಹುದು. ಎಲ್ಲಾ ಸಿಗಲ್ಲ, ಸಿಗೋದೂ ಎಲ್ಲಿಂದ ಬಂತು ಅಂತ ನೋಡಬೇಕು. ಸಣ್ಣ ಲೇಬಲ್ಲುಗಳ ಮೂಲ ಟೇಪುಗಳು ಎಷ್ಟೋ ಕಳೆದುಹೋಗಿವೆ. ದೊಡ್ಡವರದ್ದೂ ಭದ್ರವಲ್ಲ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಬೆಂಕಿ ಬಿದ್ದು, ಅಲ್ಲಿಟ್ಟಿದ್ದ ಮೂಲ ಟೇಪುಗಳು ಸುಟ್ಟವು. ಆ ನಷ್ಟ ಎಷ್ಟು ದೊಡ್ಡದು ಅಂತ ಹೊರಜಗತ್ತಿಗೆ ಗೊತ್ತಾಗೋಕೆ 2019 ಬರಬೇಕಾಯ್ತು. ಎಷ್ಟು ಹೋಯ್ತು ಅನ್ನೋ ಬಗ್ಗೆ ಜಗಳ ಇದೆ, ಹೋಯ್ತು ಅನ್ನೋದರಲ್ಲಿ ಇಲ್ಲ. ಟೇಪು ಇಲ್ಲದಾಗ ಉಳಿಯೋ ಸಾಕ್ಷಿ ಯಾರದೋ ಮನೆಯ ಪೆಟ್ಟಿಗೆಯಲ್ಲಿರೋ ಆ ಏಳಿಂಚಿನ ತಟ್ಟೆ. ಮರುಮುದ್ರಣದ ಕಂಪನಿಗಳು ಎಷ್ಟೋ ಸಲ ಸಂಗ್ರಾಹಕರ ಬಾಗಿಲು ತಟ್ಟಿ, ತಟ್ಟೆಯಿಂದಲೇ ಹಾಡನ್ನು ಎತ್ತಿಕೊಂಡಿವೆ. ಸರ್ಕಾರವಾಗಲೀ ವಿಶ್ವವಿದ್ಯಾಲಯವಾಗಲೀ ಅಲ್ಲ, ಹುಚ್ಚು ಹಿಡಿದ ಸಾಮಾನ್ಯ ಜನ ಕಟ್ಟಿದ ಭಂಡಾರ ಇದು.

ಆದ್ರೆ ಈ ಭಂಡಾರದ ಲೆಕ್ಕಪುಸ್ತಕದಲ್ಲಿ ಒಂದು ಸಾಲು ಖಾಲಿ ಇದೆ. 1953ರಲ್ಲಿ ಎಲ್ವಿಸ್ ಸುಮಾರು 4 ಡಾಲರ್ ಕೊಟ್ಟು, ತನಗಾಗಿ ‘ಮೈ ಹ್ಯಾಪಿನೆಸ್’ ಹಾಡಿನ ಒಂದೇ ಒಂದು ಪ್ರತಿ ಮಾಡಿಸಿಕೊಂಡಿದ್ದ. 2015ರಲ್ಲಿ ಅದು ಹರಾಜಿನಲ್ಲಿ 3,00,000 ಡಾಲರಿಗೆ ಹೋಯ್ತು; ಕೊಂಡವರು ಸಂಗೀತಗಾರ ಜ್ಯಾಕ್ ವೈಟ್. ಚೆನ್ನಾಗಿರೋ ಸನ್ 209 ಕೂಡ ಸಾವಿರಾರು ಡಾಲರ್. ಕೈಯಿಂದ ಕೈಗೆ ಹೋಗೋ ಹಳೇ ತಟ್ಟೆಯ ಈ ಹಣದಲ್ಲಿ ಹಾಡು ಕಟ್ಟಿದವರಿಗೆ ಒಂದು ಪೈಸೆಯೂ ಸೇರಲ್ಲ.

ಹೊಸದಾಗಿ ಮಾರಿದಾಗಲಾದರೂ ಸೇರಿತಾ? ಆರ್ಥರ್ ಕ್ರೂಡಪ್ ತಮ್ಮ ಹಾಡಿನ ಹಕ್ಕಿನ ಹಣಕ್ಕಾಗಿ ವರ್ಷಗಟ್ಟಲೆ ಅಲೆದರು. ಹೊಟ್ಟೆಪಾಡಿಗೆ ಕೂಲಿ ಮಾಡಿದರು. ಮ್ಯಾನೇಜರ್ ಡಿಕ್ ವಾಟರ್‌ಮನ್ ಅವರ ಪರ ಹೋರಾಡಿದರೂ, ದೊಡ್ಡ ಮೊತ್ತ ಕೈಗೆ ಬರೋ ಹೊತ್ತಿಗೆ ಪಡೆಯಬೇಕಾದವರೇ ಇರಲಿಲ್ಲ. 1974ರಲ್ಲಿ ಅವರು ತೀರಿಕೊಂಡರು, ಹಣ ಮಕ್ಕಳ ಪಾಲಿಗೆ ಬಂತು.

ನೀವಿರೋ ಊರಿನ ಹಳೇ ಸಾಮಾನಿನ ಅಂಗಡಿಯಲ್ಲೋ, ಭಾನುವಾರದ ಸಂತೆಯಲ್ಲೋ ಇಂಥ ಪೆಟ್ಟಿಗೆ ಸಿಕ್ಕಿದ್ರೆ, ಬೆಲೆ ನೋಡೋಕೆ ಮುಂಚೆ ಲೇಬಲ್ ಓದಿ. ಹಾಡಿನ ಹೆಸರಿನ ಕೆಳಗೆ, ಆವರಣ ಚಿಹ್ನೆಯೊಳಗೆ, ಸಣ್ಣ ಅಕ್ಷರದಲ್ಲಿ ಒಂದು ಹೆಸರು ಇರುತ್ತೆ. ಅದು ಹಾಡಿದವರದ್ದಲ್ಲ, ಹಾಡು ಕಟ್ಟಿದವರದ್ದು. ಸನ್ 209ರ ಒಂದು ಬದಿಯಲ್ಲಿ ಆ ಜಾಗದಲ್ಲಿರೋದು ಆರ್ಥರ್ ಕ್ರೂಡಪ್ ಹೆಸರು. 1954ರಿಂದಲೂ ಅಲ್ಲೇ ಇದೆ, ಎಲ್ಲರ ಕಣ್ಣೆದುರಿಗೇ.